ಸಾಗರದ ಬಳಿಯ ಹಸೆ ಚಿತ್ತಾರ ಕೂಟ

ನಮ್ಮ ವಿಶ್ವವಿದ್ಯಾಲಯದ ವಿದೇಶಿ ಅಧ್ಯಾಪಕರು ಹಾಗೂ ಸಿಬ್ಬಂದಿಗಾಗಿ ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದ ಬಳಿಯ ಮನೆಯೊಂದರ ಜಗಲಿಯಲ್ಲಿ ಏರ್ಪಡಿಸಿದ್ದ ಹಸೆ ಚಿತ್ತಾರದ ಕೂಟಕ್ಕೆ ಕಳೆದ ಭಾನುವಾರ ನಾನೂ ಹೋಗಿದ್ದೆ. ದೀವರ ಹೆಣ್ಣುಮಕ್ಕಳು ಮದುವೆ ಮನೆಯ ಗೋಡೆಗೆ ಬರೆಯುತ್ತ ಬಂದ ಈ ಕಲೆಯನ್ನು ಕಲಿಸಿದವರು ಅದೇ ಸಮುದಾಯದ ಹಿರಿಯರು; ನೆನೆಸಿ ಅರೆದ ಅಕ್ಕಿಯ ಬಿಳಿ, ಕರಿಯಾಗುವಂತೆ ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಕೆಮ್ಮಣ್ಣು, ಇವೆಲ್ಲವನ್ನೂ ನಮ್ಮೆದುರೇ ಸಿದ್ಧಪಡಿಸಿ, ಪುಂಡಿನಾರಿನ ಕುಂಚ ಹಿಡಿಯುವ ಬಗೆಯನ್ನು ತಾಳ್ಮೆಯಿಂದ ತೋರಿಸಿದರು. ಜಪಾನಿನ ಸಹೋದ್ಯೋಗಿಯೊಬ್ಬರು ಎಳೆ ನೇರವಾಗುವವರೆಗೂ ಬಿಡದೆ, ಕನ್ನಡದಲ್ಲೇ ‘ಇನ್ನೊಂದು ಸಲ ತೋರಿಸಿ ಅಮ್ಮಾ’ ಎಂದು ಕೇಳಿದಾಗ, ಕಚೇರಿಯಲ್ಲಿ ವರ್ಷವಿಡೀ ಕಾಣದ ಸಲುಗೆ ಅಲ್ಲಿ ಮೂಡಿತು. ಆದರೆ ಇದಕ್ಕೆ ಎರಡು ಗಂಟೆ ಏನೇನೂ ಸಾಲದು; ಬಣ್ಣ ಒಣಗುವ ಮೊದಲೇ ಬಸ್ಸು ಹೊರಡಿಸಿದ್ದು ನನಗೆ ಬೇಸರ ತಂದಿತು. ಮುಂದಿನ ಬಾರಿ ಇಡೀ ದಿನ ಮೀಸಲಿಡಲಿ, ಕಲಾವಿದೆಯರ ಗೌರವಧನವನ್ನೂ ಹೆಚ್ಚಿಸಲಿ.