ಹಳೇ ಪುಸ್ತಕದಂಗಡಿ ಛಲೋ ಐತಿ, ಪುಟ ಮಾತ್ರ ಎಣಿಸಿ ತಗೋರಿ

ಹುಬ್ಬಳ್ಳಿ ದುರ್ಗದಬೈಲ್ ಹತ್ತಿರ ಓಣಿಯೊಳಗಿನ ಈ ಅಂಗಡಿಗೆ ಧಾರವಾಡದಿಂದ ಚಿಗರಿ ಬಸ್ ಹತ್ತಿ ತಿಂಗಳಿಗೊಮ್ಮೆ ಹೋಗ್ತೀನಿ. ಒಬ್ಬರು ನಿಂತ್ರ ಇನ್ನೊಬ್ಬರು ದಾಟಾಕ ಆಗೂದಿಲ್ಲ, ಅಷ್ಟು ಇಕ್ಕಟ್ಟು. ಗೈಡುಗಳ ರಾಶಿ ದಾಟಿ ಹಿಂದಿನ ರ‍್ಯಾಕಿಗೆ ಹೋದ್ರ ಖರೇ ಮಾಲು. ಹೋದ ತಿಂಗಳು 180 ರೂಪಾಯಿಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಸಿಕ್ತು, ಮೊದಲನೇ ಮಹಾಯುದ್ಧದ ಮುಂಚಿನ ಬ್ರಿಟನ್ನಿನ ಕತಿ.

ನಾನು 34 ವರ್ಷ ಅಂಚೆ ಕಚೇರಿ ಕೌಂಟರಿನ್ಯಾಗ ಕೂತು ಪಿಂಚಣಿ ಎಣಿಸಿ ಕೊಟ್ಟಾಂವ. 1909ರ ಜನವರಿ 1ರಿಂದ ಬ್ರಿಟನ್ನಿನ್ಯಾಗ 70 ದಾಟಿದ ಬಡವರಿಗೆ ವಾರಕ್ಕ 5 ಶಿಲ್ಲಿಂಗ್ ಸುರುವಾತು, ಅದೂ ಅಂಚೆ ಕಚೇರಿಯೊಳಗ! ಪಿಂಚಣಿಗೂ ರೊಕ್ಕ, ಯುದ್ಧನೌಕೆಗೂ ರೊಕ್ಕ ಅಂತ ಹಣಕಾಸು ಮಂತ್ರಿ ಲಾಯ್ಡ್ ಜಾರ್ಜ್ ಶ್ರೀಮಂತರ ಮ್ಯಾಲೆ ತೆರಿಗಿ ಏರಿಸಿದ. ಪಾರ್ಲಿಮೆಂಟಿನ ಮೇಲ್ಮನಿ ಲಾರ್ಡ್ಸ್ ಸಭೆ ಬಜೆಟ್ಟನ್ನೇ ಒದ್ದು ಹಾಕ್ತು. 1910ರಾಗ ಎರಡು ಸಲ ಚುನಾವಣೆ, 1911ರಾಗ ಲಾರ್ಡ್ಸ್ ಹಲ್ಲು ಕಿತ್ತ ಕಾಯ್ದೆ.

ನಮ್ಮನಿಯವರಿಗೆ ಮತದ ಹಕ್ಕು ಕೇಳಿದ ಹೆಂಗಸರ ಭಾಗ ಹಿಡಿಸ್ತು. 1909ರ ಫೆಬ್ರುವರಿಯೊಳಗ ಇಬ್ಬರು ಹೆಣ್ಮಕ್ಕಳು ತಮ್ಮನ್ನ ತಾವೇ ಪ್ರಧಾನಿ ಆಸ್ಕ್ವಿತ್ ಮನಿಗೆ ಪೋಸ್ಟ್ ಮಾಡಿಕೊಂಡ್ರು. ಅಂಚೆ ನಿಯಮದಾಗ ಮನುಷ್ಯರನ್ನ ಕಳಸಾಕ ಅವಕಾಶ ಇತ್ತು. ತಂತಿ ಹುಡುಗ ಕರಕೊಂಡು ಹೋದ, ಅಲ್ಲಿಯವರು ತಗೊಳ್ಳಲಿಲ್ಲ. ‘ರಿಫ್ಯೂಸ್ಡ್’ ಅಂತ ಸಿಕ್ಕಾ ಹೊಡಿಬೇಕಿತ್ತೇನ್ರಿ ಅಂತ ಇವರು ಕೇಳಿದ್ರು. ಮುಂದ ಅದೇ ಚಳವಳಿಯವರು ಅಂಚೆ ಡಬ್ಬಿಗೆ ಆಸಿಡ್, ಇಂಕು ಸುರಿದ್ರು ಅಂತ ಓದಿದಾಗ ಮಾತ್ರ ನನಗ ಸಿಟ್ಟು ಬಂತು. ಮತ್ತೊಬ್ಬರ ಪತ್ರ ಏನು ಮಾಡಿದ್ವು?

ಈಗ ತಕರಾರು. 1914ರ ಮಾರ್ಚ್, ಐರ್ಲೆಂಡಿನ ಕರಾ ಅನ್ನೂ ದಂಡಿನ ಛಾವಣಿ. ಐರ್ಲೆಂಡಿಗೆ ಸ್ವಂತ ಆಡಳಿತ ಬ್ಯಾಡ ಅಂತ ತಿರುಗಿಬಿದ್ದ ಉತ್ತರದ ಅಲ್ಸ್ಟರ್ ಪ್ರಾಂತದ ಮ್ಯಾಲೆ ದಂಡೆತ್ತಿ ಹೋಗೂದಾದ್ರ ರಾಜೀನಾಮೆ ಕೊಡ್ತೀವಿ ಅಂತಾರ ಸೇನಾಧಿಕಾರಿಗಳು. ಮುಂದೇನು ಅಂತ ಪುಟ ತಿರುವಿದ್ರ ಆಗಸ್ಟ್ 4, ಯುದ್ಧ! 304 ಆದಮ್ಯಾಲೆ 321. ನಡುವಿನ ಒಂದು ಫಾರಮ್ಮೇ, ಅಂದ್ರ ಒಟ್ಟಿಗೆ ಮಡಚಿ ಹೊಲಿದ ಪುಟಗಳ ಕಟ್ಟೇ, ಮಾಯ.

ವಾಪಸ್ ಒಯ್ದೆ. ‘ಹಳೇ ಪುಸ್ತಕಕ್ಕ ವಾಪಸ್ ಇಲ್ರಿ ಅಜ್ಜಾರ, 16 ಪುಟಾನ ಹೋಗ್ಯಾವಲ್ರಿ’ ಅಂದ ಅಂಗಡಿ ಹುಡುಗ. ಅವನ ಅಪ್ಪ ಒಳಗಿಂದ ಬಂದು, ಚಾ ತರಿಸಿ, 60 ರೂಪಾಯಿ ತಿರುಗಿ ಕೊಟ್ಟ. ಇನ್ನೊಂದು ಪ್ರತಿ ಬಂದ್ರ ಫೋನ್ ಮಾಡ್ತೀನಿ ಅಂದಾನ. ಆ 60ರಾಗ ಮತ್ತೊಂದು ಪುಸ್ತಕ ತಗೊಂಡೆ, ಅಲ್ಲೇ ಸ್ಟೂಲಿನ ಮ್ಯಾಲೆ ಕೂತು ಒಂದೊಂದ ಪುಟ ಎಣಿಸಿ.