ಫೈವ್-ವೇ ಸ್ವಿಚ್ ಕೊಳ್ಳುವವರೇ, ಕಾಲು ಅಳೆಯದೆ ಪಿಸಿಬಿ ಮಾಡಿಸಬೇಡಿ

ಐದು ಬಟನ್ ಕೂರಿಸಲು ಜಾಗವಿಲ್ಲದ ಸರ್ಕ್ಯೂಟ್ ಬೋರ್ಡ್‌ಗೆ (ಪಿಸಿಬಿ) ಫೈವ್-ವೇ ನ್ಯಾವಿಗೇಷನ್ ಸ್ವಿಚ್ ಹೇಳಿ ಮಾಡಿಸಿದ ಹಾಗಿರುತ್ತದೆ. ಮೇಲೆ, ಕೆಳಗೆ, ಎಡ, ಬಲ, ನಡುವಿನ ಒತ್ತು, ಎಲ್ಲವೂ 10 ಮಿ.ಮೀ. ಚೌಕದೊಳಗೆ. ಆದರೆ ತಯಾರಕರ ಪಾರ್ಟ್ ನಂಬರ್ ಇಲ್ಲದ ಪೊಟ್ಟಣ ಕೊಂಡು, ಸ್ವಿಚ್ಚಿನ ಯಾವ ಕಾಲು (ಬೆಸೆಯುವ ಲೋಹದ ತುದಿ) ಯಾವುದಕ್ಕೆಂದು ಮಾರುವವರು ಹಾಕಿದ ಚಿತ್ರವನ್ನೇ ನಂಬಿ ಬೋರ್ಡ್ ಮಾಡಿಸಬೇಡಿ. ಹಾಗೆ ಮಾಡಿಸಿದ ಒಂದು ಕಂತಿನ ಬೋರ್ಡ್‌ಗಳಲ್ಲಿ ಏನಾಯಿತೆಂದು ನೋಡಿ.

ನಡುವಿನ ಒತ್ತು ಸರಿಯಾಗಿ ಕೆಲಸ ಮಾಡುತ್ತಿತ್ತು. ನಾಲ್ಕು ದಿಕ್ಕುಗಳು ಮಾತ್ರ ಪೂರ್ತಿ ಮೌನ. ಒಂದು ಒತ್ತು ಓದುತ್ತಿದೆ ಎಂದರೆ ಸ್ವಿಚ್ ಚೆನ್ನಾಗಿದೆ, ತಪ್ಪು ಕೋಡಿನಲ್ಲಿದೆ ಎಂದೇ ಯಾರಿಗಾದರೂ ಅನಿಸುತ್ತದೆ. ನಿಜವಾದ ಕಾರಣ ಬೇರೆ: ಚಿತ್ರದಲ್ಲಿ ಕಾಮನ್ (ಐದು ಒತ್ತಿಗೂ ಒಂದೇ ಆದ, ಗ್ರೌಂಡಿಗೆ ಸೇರಿಸುವ ಕಾಲು) ಎಂದು ತೋರಿಸಿದ್ದು ವಾಸ್ತವದಲ್ಲಿ ನಡುವಿನ ಒತ್ತಿನದು, ನಡುವಿನದೆಂದು ತೋರಿಸಿದ್ದು ಕಾಮನ್. ನಡುವೆ ಒತ್ತಿದಾಗ ಈ ಎರಡು ಕಾಲುಗಳೇ ಸೇರುವುದರಿಂದ ಅದಲುಬದಲಾದರೂ ಗ್ರೌಂಡ್ ಸಿಗುತ್ತದೆ. ದಿಕ್ಕು ಒತ್ತಿದಾಗಲೋ, ಪುಲ್-ಅಪ್ (ಒತ್ತದಿರುವಾಗ ಪಿನ್ನನ್ನು ಹೈ, ಅಂದರೆ ಪೂರ್ತಿ ವೋಲ್ಟೇಜಿನಲ್ಲಿ ಇಡುವ ರೆಸಿಸ್ಟರ್) ಇರುವ ಮೈಕ್ರೋಕಂಟ್ರೋಲರಿನ ಒಂದು ಪಿನ್ ಪುಲ್-ಅಪ್ ಇರುವ ಇನ್ನೊಂದು ಪಿನ್ನಿಗೆ ಸೇರುತ್ತದೆ. ಎರಡೂ ಹೈ, ಬದಲಾವಣೆಯೇ ಇಲ್ಲ. ನಿಮ್ಮ ಬೋರ್ಡ್‌ನಲ್ಲೂ ಇದೇ ಲಕ್ಷಣ ಕಂಡರೆ ಕೋಡ್ ಬದಿಗಿಟ್ಟು ಮಲ್ಟಿಮೀಟರ್ ತೆಗೆದುಕೊಳ್ಳಿ.

ಇಂಥ ಬೋರ್ಡನ್ನು ಎಸೆಯಬೇಕಿಲ್ಲ. ನಿಜವಾದ ಕಾಮನ್‌ಗೆ ಹೋದ ಪಿನ್ನನ್ನು ಔಟ್‌ಪುಟ್ ಮಾಡಿ ಲೋ (ಗ್ರೌಂಡಿನ ಮಟ್ಟ) ಕೊಡಿ, ನಾಲ್ಕು ದಿಕ್ಕು ಓದಿ. ಆಮೇಲೆ ಅದೇ ಪಿನ್ನನ್ನು ಪುಲ್-ಅಪ್ ಇರುವ ಇನ್‌ಪುಟ್ ಮಾಡಿ ನಡುವಿನ ಒತ್ತು ಓದಿ. ಕೆಲವು ಮಿಲಿಸೆಕೆಂಡಿಗೊಮ್ಮೆ ಹೀಗೆ ತಿರುಗಿಸುತ್ತಿದ್ದರೆ ಐದೂ ಸಿಗುತ್ತವೆ. ಆ ಪಿನ್ನನ್ನು ಮಾತ್ರ ಎಂದಿಗೂ ಹೈ ಔಟ್‌ಪುಟ್ ಮಾಡಬೇಡಿ. ನಡುವೆ ಒತ್ತಿದ ಕ್ಷಣ ಅದು ನೇರವಾಗಿ ಗ್ರೌಂಡಿಗೆ ಶಾರ್ಟ್ ಆಗುತ್ತದೆ.

ಕೊಂಡ ಕೂಡಲೇ ಮಾಡಬೇಕಾದ ಪರೀಕ್ಷೆ ಸುಲಭ. ಮೀಟರನ್ನು ಬಜರ್‌ಗೆ (ಎರಡು ತುದಿ ಸೇರಿದರೆ ಸದ್ದು ಮಾಡುವ ಸ್ಥಾನ) ಹಾಕಿ, ಕಡ್ಡಿಯನ್ನು ಒಂದು ದಿಕ್ಕಿಗೆ ಒತ್ತಿ ಹಿಡಿದು, ಯಾವ ಎರಡು ಕಾಲು ಸೇರುತ್ತವೆಂದು ಬರೆದುಕೊಳ್ಳಿ. ಐದು ಒತ್ತಿನಲ್ಲೂ ಬರುವ ಕಾಲೇ ಕಾಮನ್. ಹಾಗೆ ಯಾವ ಕಾಲೂ ಸಿಗದಿದ್ದರೆ ನಡುವಿನ ಒತ್ತಿಗೆ ಬೇರೆ ಕಾಮನ್ ಇರುವ ಮಾದರಿ ಬಂದಿದೆ ಎಂದರ್ಥ. ಒಂದೇ ಪೊಟ್ಟಣದಲ್ಲಿ ಎರಡು ಬಗೆ ಬೆರೆತಿರಬಹುದು, ಹಾಗಾಗಿ ನಾಲ್ಕೈದು ಬಿಡಿಗಳನ್ನಾದರೂ ಪರೀಕ್ಷಿಸಿ. ಚಿತ್ರವನ್ನು ಮೇಲಿನಿಂದ ಬರೆದಿದ್ದಾರೋ ಕೆಳಗಿನಿಂದಲೋ ನೋಡಿಕೊಳ್ಳಿ, ಇಲ್ಲಿ ತಪ್ಪಿದರೆ ಎಡ-ಬಲ ಕನ್ನಡಿಯಂತೆ ಉಲ್ಟಾ ಆಗುತ್ತದೆ. ಫುಟ್‌ಪ್ರಿಂಟನ್ನು (ಬೋರ್ಡಿನಲ್ಲಿ ಕಾಲುಗಳು ಕೂರುವ ಜಾಗದ ನಕ್ಷೆ) ಕಾಗದದ ಮೇಲೆ ನಿಜ ಅಳತೆಯಲ್ಲಿ ಪ್ರಿಂಟ್ ಮಾಡಿ ಸ್ವಿಚ್ಚನ್ನು ಅದರ ಮೇಲೆ ಇಟ್ಟು ನೋಡದೆ ಫೈಲ್ ಕಳಿಸಬೇಡಿ.

ಹುಡುಕುವಾಗಲೂ ಗೊಂದಲ ಉಂಟು. ಗೇಮ್ ಕಂಟ್ರೋಲರಿನ ಥಂಬ್ ಜಾಯ್‌ಸ್ಟಿಕ್ ಬೇರೆಯೇ ವಸ್ತು, ಅದರೊಳಗೆ ಎರಡು ಪೊಟೆನ್ಷಿಯೋಮೀಟರ್ ಇದ್ದು ಎರಡು ಅನಲಾಗ್ ಪಿನ್ ಬೇಕು. ನಡುವಿನ ಒತ್ತೇ ಇಲ್ಲದ ಫೋರ್-ವೇ ಕೂಡ ಫೋಟೋದಲ್ಲಿ ಥೇಟ್ ಹೀಗೇ ಕಾಣುತ್ತದೆ.

ಸರಿಯಾದ ಸ್ವಿಚ್ ಸಿಕ್ಕಿದ ಮೇಲೂ ಕಾಡುವ ದೋಷವೆಂದರೆ ನಡುವೆ ಒತ್ತಿದಾಗ ಮೊದಲು ಒಂದು ದಿಕ್ಕು ತಾಗುವುದು. ಬೆರಳು ನೆಟ್ಟಗೆ ಇಳಿಯುವುದಿಲ್ಲ, ಕಡ್ಡಿ ತುಸು ವಾಲುತ್ತದೆ. ಮೆನುವಿನಲ್ಲಿ ಆಯ್ಕೆ ಒಂದು ಸಾಲು ಜಾರಿ, ಬೇಡದ್ದು ಒಪ್ಪಿಗೆಯಾಗುತ್ತದೆ. ದಿಕ್ಕು ಬಂದೊಡನೆ ಕೆಲಸ ಮಾಡಿಸಬೇಡಿ. 30 ಮಿಲಿಸೆಕೆಂಡ್ ಕಾಯಿರಿ, ಅಷ್ಟರಲ್ಲಿ ನಡುವಿನದು ಬಂದರೆ ದಿಕ್ಕನ್ನು ಕೈಬಿಡಿ. ಅಷ್ಟು ಹೊತ್ತು ಕಾದರೆ ಕಾಂಟ್ಯಾಕ್ಟಿನ ಕಂಪನವೂ ಬಹುಮಟ್ಟಿಗೆ ತಣ್ಣಗಾಗಿರುತ್ತದೆ. ಉದ್ದನೆಯ ಕ್ಯಾಪ್ ಹಾಕಿದಷ್ಟೂ ಈ ಕಾಟ ಹೆಚ್ಚು. ಜೊತೆಗೆ ಪಕ್ಕದ ಒತ್ತಡ ಸನ್ನೆಗೋಲಿನಂತೆ ಬೆಸುಗೆಯ ಮೇಲೆ ಬಿದ್ದು, ಬುಡದಲ್ಲಿ ಪ್ಲಾಸ್ಟಿಕ್ ಗೂಟಗಳಿಲ್ಲದ ಎಸ್‌ಎಂಡಿ (ಬೋರ್ಡಿನ ಮೇಲ್ಮೈಗೆ ಬೆಸೆಯುವ) ಮಾದರಿಯಾದರೆ ಪ್ಯಾಡ್ ಸಮೇತ ಕಿತ್ತುಬರುತ್ತದೆ. ದಿನವೂ ಕೈ ಬೀಳುವ ಸಾಧನಕ್ಕೆ ರಂಧ್ರದಲ್ಲಿ ಇಳಿಯುವ ಕಾಲಿನದ್ದೇ ಆಗಲಿ.

ಬೆಸುಗೆ ಹಾಕುವಾಗ 350 ಡಿಗ್ರಿ ಸೆಲ್ಸಿಯಸ್ ಮೀರಬೇಡಿ, ಒಂದು ಕಾಲಿಗೆ 3 ಸೆಕೆಂಡ್ ಸಾಕು. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಸುರಿದು ತೊಳೆಯುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಸ್ವಿಚ್ ಸಾಮಾನ್ಯವಾಗಿ ಸೀಲ್ ಆಗಿರುವುದಿಲ್ಲ. ಕರಗಿದ ಫ್ಲಕ್ಸ್ (ಬೆಸುಗೆ ಹಿಡಿಯಲು ಬಳಸುವ ಅಂಟು) ಒಳಗೆ ಹರಿದು ಕಾಂಟ್ಯಾಕ್ಟಿನ ಮೇಲೆ ಪೊರೆಯಾಗಿ ಕೂರುತ್ತದೆ. ಒಂದೇ ಅನಲಾಗ್ ಪಿನ್ನಿಗೆ ರೆಸಿಸ್ಟರ್ ಸರಣಿ ಹಾಕಿ ಐದನ್ನೂ ಓದುವವರಿಗೆ ಇದರ ಪೆಟ್ಟು ಜೋರು. 10 ಕಿಲೋಓಮ್ ಪುಲ್-ಅಪ್ ಇಟ್ಟು, ಮೇಲಿನ ದಿಕ್ಕಿಗೆ 1 ಕಿಲೋಓಮ್, ಎಡಕ್ಕೆ 1.5 ಕಿಲೋಓಮ್ ಕೊಟ್ಟಿದ್ದರೆ ವೋಲ್ಟೇಜನ್ನು ಅಂಕಿಯಾಗಿಸುವ 10-ಬಿಟ್ ಎಡಿಸಿಯಲ್ಲಿ ಸುಮಾರು 93 ಮತ್ತು 133 ಬರುತ್ತವೆ. ಆ ಪೊರೆಯಿಂದ ಕಾಂಟ್ಯಾಕ್ಟಿನ ರೋಧ 500 ಓಮ್ ಏರಿದರೆ ಮೊದಲನೆಯದೂ 133 ಓದುತ್ತದೆ, ಮೇಲೆ ಒತ್ತಿದರೆ ಎಡಕ್ಕೆ ಓಡುತ್ತದೆ. ಪಿನ್ ಇದ್ದರೆ ಐದಕ್ಕೂ ಬೇರೆ ಬೇರೆ ಕೊಡಿ. ಇಲ್ಲದಿದ್ದರೆ ಮೌಲ್ಯಗಳ ನಡುವೆ ಹಲವು ಕಿಲೋಓಮ್ ಅಂತರ ಇಡಿ.

ಇವು ಸಿಗ್ನಲ್ ಸ್ವಿಚ್‌ಗಳು. 12 ವೋಲ್ಟ್, 50 ಮಿಲಿಆಂಪಿಯರ್ ಎಂಬ ಮಿತಿ ಸಾಮಾನ್ಯ, ಇನ್ನೂ ಚಿಕ್ಕವಕ್ಕೆ ಅದಕ್ಕಿಂತ ಕಡಿಮೆ. ಮೋಟರ್ ಅಥವಾ ರಿಲೇ ಕಾಯಿಲ್ ಓಡಿಸಬೇಕಾದರೆ ನಡುವೆ ಟ್ರಾನ್ಸಿಸ್ಟರ್ ಇರಲೇಬೇಕು.