ಬಾಟಲಿಯಿಂದ ಮಣ್ಣು ಮೆತ್ತಗಾಗುತ್ತದೆ ಅಂದರೆ ಸ್ವಲ್ಪ ತಡೆಯಿರಿ

ಹೊಲ ಗಟ್ಟಿಯಾಗಿದೆ, ನೀರು ಇಂಗುತ್ತಿಲ್ಲ ಅಂತ ಒದ್ದಾಡುತ್ತಿದ್ದಾಗ, ಇದನ್ನು ಹಾಕಿದರೆ ಮಣ್ಣು ಮೆತ್ತಗಾಗುತ್ತದೆ ಅಂತ ಮಾರಾಟಗಾರರೊಬ್ಬರು ಸೂಕ್ಷ್ಮಾಣುಜೀವಿಗಳ ದ್ರಾವಣದ ಬಾಟಲಿ ತಂದರು. ಒಣ ಮಣ್ಣಿಗೆ ಕಬ್ಬಿಣದ ಸರಳು ಚುಚ್ಚಿದರು. ಒಂದು ಗೇಣು ಇಳಿಯುವಷ್ಟರಲ್ಲಿ ನಿಂತಿತು. ನೀರು ಕಟ್ಟಿ, ನೀರಿನ ಜೊತೆಗೇ ದ್ರಾವಣ ಬಿಡಿ ಎಂದರು. ಕೆಲವು ದಿನ ಬಿಟ್ಟು ಬಂದು ಮತ್ತೆ ಚುಚ್ಚಿದರೆ ಸರಳು ಸಲೀಸಾಗಿ ಒಳಗೆ ಹೋಯಿತು. ಮನೆಮಂದಿಗೆಲ್ಲ ಖುಷಿಯೋ ಖುಷಿ.

ಹೊಲದ ಒಂದು ಮೂಲೆಗೆ ಬರೀ ನೀರು ಹೋಗಿತ್ತು, ಅಷ್ಟರಲ್ಲಿ ದ್ರಾವಣ ಮುಗಿದಿತ್ತು. ಸುಮ್ನೆ ನೋಡೋಣ ಅಂತ ಅಲ್ಲಿ ಚುಚ್ಚಿದರೆ ಅಲ್ಲೂ ಅಷ್ಟೇ ಸಲೀಸು! ಮೆತ್ತಗೆ ಮಾಡಿದ್ದು ನೀರು. ಮಣ್ಣು ಒಣಗಿದ ಮೇಲೆ ಎರಡೂ ಕಡೆ ಮೊದಲಿನಷ್ಟೇ ಗಟ್ಟಿಯಾಯಿತು. ಮುಂದಿನ ಮಳೆಗೆ ನೀರು ಹಾಗೇ ನಿಂತಿತು.

ಲೆಕ್ಕ ಹಾಕಿ ನೋಡಿ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 900 ಟನ್ ತೂಗುತ್ತದೆ. ಗ್ರಾಂ ಮಣ್ಣಿಗೆ 10 ಕೋಟಿ ಬ್ಯಾಕ್ಟೀರಿಯಾ ಅಂತ ಹಿಡಿಯಿರಿ, ಒಳ್ಳೆಯ ಮಣ್ಣಲ್ಲಿ ಇನ್ನೂ ಜಾಸ್ತಿಯೇ ಇರುತ್ತವೆ. ದ್ರಾವಣದ ಒಂದೊಂದು ಮಿಲಿಲೀಟರಿನಲ್ಲೂ 10 ಕೋಟಿ ಇದ್ದು, ಎಕರೆಗೆ ಒಂದು ಲೀಟರ್ ಹಾಕಿದರೆ, ಮಣ್ಣಲ್ಲಿ ಮೊದಲೇ ಇರುವ ಪ್ರತಿ 9 ಲಕ್ಷ ಜೀವಿಗಳಿಗೆ ಹೊಸದಾಗಿ ಸೇರುವುದು ಸುಮಾರು ಒಂದು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಬಾಟಲಿ ಬಿಸಿಲಲ್ಲಿ ಬಿದ್ದಿದ್ದರೆ ಆ ಒಂದೂ ಸತ್ತಿರಬಹುದು.

ಸೂಕ್ಷ್ಮಾಣುಗಳು ಮಣ್ಣಿನ ರಚನೆ ಸುಧಾರಿಸುತ್ತವೆ ಅನ್ನುವುದು ಸುಳ್ಳಲ್ಲ. ಬ್ಯಾಕ್ಟೀರಿಯಾ ಬಿಡುವ ಅಂಟು ಮಣ್ಣಿನ ಕಣಗಳನ್ನು ಕೂಡಿಸುತ್ತದೆ, ಶಿಲೀಂಧ್ರದ ಎಳೆಗಳು ಹೆಣೆದು ಹಿಡಿಯುತ್ತವೆ. ಆದರೆ ಅವು ಬದುಕಲು ತಿನ್ನಲು ಬೇಕಲ್ವಾ? ಕೊಟ್ಟಿಗೆ ಗೊಬ್ಬರ, ಬೆಳೆಯ ಕೂಳೆ, ಬೇರು ಇದ್ದರೆ ಅಲ್ಲಿರುವ ಜೀವಿಗಳೇ ಹೆಚ್ಚುತ್ತವೆ. ಸಾವಯವ ಅಂಶ ಇಲ್ಲದ ಮಣ್ಣಿಗೆ ಹೊರಗಿನಿಂದ ತಂದು ಬಿಟ್ಟವು ಬಹುಪಾಲು ಉಳಿಯುವುದಿಲ್ಲ. ದ್ವಿದಳ ಬೀಜಕ್ಕೆ ಹಚ್ಚುವ ರೈಜೋಬಿಯಂ ಬ್ಯಾಕ್ಟೀರಿಯಾ ಬೇರೆ ವಿಷಯ. ಅದರ ಕೆಲಸ ಸಾರಜನಕ ಕೊಡುವುದು, ಮಣ್ಣು ಸಡಿಲ ಮಾಡುವುದಲ್ಲ.

ಮೊದಲು ಗುದ್ದಲಿ ಹಿಡಿದು ಅಗೆದು ನೋಡಿ. ನಮ್ಮಲ್ಲಿ ಉಳುಮೆಯ ಆಳದ ಕೆಳಗೇ ಒತ್ತಿದ ಪದರ ಸಿಕ್ಕಿತು. ಬೇರುಗಳು ಅಲ್ಲಿಗೆ ಬಂದು ಅಡ್ಡ ತಿರುಗಿದ್ದವು. ಹಸಿ ಮಣ್ಣಿನ ಮೇಲೆ ಭಾರದ ಟ್ರ್ಯಾಕ್ಟರ್ ಓಡಿದರೆ, ಪ್ರತಿ ಸಲ ಒಂದೇ ಆಳಕ್ಕೆ ಉತ್ತರೆ ಹೀಗಾಗುತ್ತದೆ. ಅದಕ್ಕೆ ಮಣ್ಣು ಒಣಗಿದ್ದಾಗ ಆಳದ ಉಳುಮೆ, ಆಮೇಲೆ ಆಳಕ್ಕೆ ಬೇರು ಬಿಡುವ ಬೆಳೆ. ಸೋಡಿಯಂ ಹೆಚ್ಚಿರುವ ಕ್ಷಾರ ಮಣ್ಣಾದರೆ ಜೇಡಿ ಕಣಗಳು ಚದುರಿ ರಂಧ್ರ ಮುಚ್ಚುತ್ತವೆ. ಅಲ್ಲಿ ಬೇಕಾಗುವುದು ಜಿಪ್ಸಂ ಮತ್ತು ನೀರು ಬಸಿದು ಹೋಗುವ ದಾರಿ. ಮಣ್ಣು ಪರೀಕ್ಷೆ ಮಾಡಿಸದೆ ಇದು ತಿಳಿಯುವುದಿಲ್ಲ.

ಅಷ್ಟಾದರೂ ಹಾಕಿ ನೋಡುವ ಆಸೆಯಿದ್ದರೆ ಹೊಲದ ಒಂದು ಪಟ್ಟಿಗೆ ದ್ರಾವಣ ಹಾಕದೆ ಬಿಡಿ. ಎರಡೂ ಕಡೆ ತೇವ ಒಂದೇ ಇದ್ದಾಗ ಮಾತ್ರ ಸರಳು ಚುಚ್ಚಿ. ಎರಡೂ ಕಡೆಯ ಒಣ ಹೆಂಟೆ ನೀರಲ್ಲಿಡಿ, ಯಾವುದು ಬೇಗ ಕರಗುತ್ತದೆ ನೋಡಿ; ಕರಗದೆ ಹೆಚ್ಚು ಹೊತ್ತು ನಿಂತದ್ದರ ರಚನೆ ಚೆನ್ನಾಗಿದೆ. ದೂರು ಹೇಳಿದಾಗ ಆ ಮಾರಾಟಗಾರರು ಕೊಟ್ಟ ಉತ್ತರ: "ಈ ಸಲ ಕೊಟ್ಟಿಗೆ ಗೊಬ್ಬರದ ಜೊತೆ ಹಾಕಿ." ಹಾಗೆ ಹಾಕಿ ಮಣ್ಣು ಸುಧಾರಿಸಿದರೆ ಅದು ಗೊಬ್ಬರದಿಂದಲೋ, ಬಾಟಲಿಯಿಂದಲೋ? ಹಾಗಾಗಿ ಇನ್ನೊಂದು ಪಟ್ಟಿಗೆ ಬರೀ ಗೊಬ್ಬರ ಹಾಕಿಡಿ.